ಕಂಬಂ ಕಣಿವೆಯ ತೊಳೆದಿಟ್ಟ ತೊಟ್ಟಿ

ಭಾನುವಾರ ಮಧ್ಯಾಹ್ನ ಹಿರಿಯೂರಿನಲ್ಲಿ ಬಸ್ಸು ಹತ್ತಿ, ಸಂಜೆ ಬೆಂಗಳೂರಿನಲ್ಲಿ ಮಧುರೆ ಕಡೆಯ ರೈಲು ಹಿಡಿದೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಸ್ಪ್ಯಾನರ್ ಸೆಟ್ಟು, ನನ್ನ ಅಂಗಡಿಯ ಹೆಸರು, ಫೋನ್ ನಂಬರು ಅಚ್ಚಾದ ಹಳದಿ ಸ್ಟಿಕ್ಕರುಗಳ ಒಂದು ಕಟ್ಟು. ಪಂಪುಸೆಟ್ಟಿನ ವ್ಯಾಪಾರಕ್ಕಿಳಿದು ಇಪ್ಪತ್ತೆಂಟು ವರ್ಷವಾಯಿತು. ಹಳೇ ಮೋಟಾರು ಬಿಚ್ಚಿ ಕಟ್ಟುವುದರಿಂದ ಶುರು ಮಾಡಿ ಸೋಲಾರ್ ಪಂಪಿನವರೆಗೆ ಬಂದಿದ್ದೇನೆ. ನಾನು ಮುಟ್ಟಿದ ಯಂತ್ರದ ಮೇಲೆ ನನ್ನ ಸ್ಟಿಕ್ಕರು ಇರಲೇಬೇಕು ಅನ್ನುವುದು ನನ್ನ ನೇಮ. ಪ್ರಯಾಣ ಹೊರಡುವ ವ್ಯಾಪಾರಸ್ಥರಿಗೂ ಅದೇ ಸಲಹೆ. ವಿಸಿಟಿಂಗ್ ಕಾರ್ಡು ಜೇಬಿನಲ್ಲೇ ಸಾಯುತ್ತದೆ, ಸ್ಟಿಕ್ಕರು ಹೊಲದಲ್ಲಿ ಬದುಕುತ್ತದೆ.

ಪಂಪಿನವನಿಗೆ ತಮಿಳುನಾಡಿನ ತೇಣಿಯಲ್ಲಿ ಏನು ಕೆಲಸ ಎಂದು ಕೇಳಬಹುದು. ನಮ್ಮ ದೇಶ ಎರಡು ಸಾವಿರದ ಎಪ್ಪತ್ತರ ಹೊತ್ತಿಗೆ ತಾನು ಬಿಡುವ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುತ್ತೇನೆಂದು ಜಗತ್ತಿಗೆ ಮಾತು ಕೊಟ್ಟಿದೆ. ಮಾತು ಕೊಟ್ಟವರು ದೆಹಲಿಯಲ್ಲಿದ್ದಾರೆ, ಗಾಳಿ ಬಿಸಿಲು ಇರುವುದು ಹಳ್ಳಿಗಳ ಹೊಲದಲ್ಲಿ. ಈ ಎರಡರ ನಡುವೆ ದಾರಿ ತೋರಿಸಲು ಒಂದು ವಿಶ್ವವಿದ್ಯಾಲಯ, ಒಂದು ಸಂಶೋಧನಾ ಕೇಂದ್ರ, ಹೊರದೇಶದ ಒಂದು ಇಂಧನ ತಜ್ಞರ ಸಂಸ್ಥೆ ಸೇರಿ ಸರ್ಕಾರಕ್ಕೆ ಸಲಹೆ ಕೊಡುವ ಒಪ್ಪಂದ ಮಾಡಿಕೊಂಡಿದ್ದವು. ನಾನು ಹುಟ್ಟಿದಾಗಿನಿಂದ ಎಲ್ಲರಿಗೂ ಸಲಹೆ ಬಿಟ್ಟಿ ಕೊಡುತ್ತಾ ಬಂದವನು. ಅದಕ್ಕೂ ಒಪ್ಪಂದ, ಸಹಿ, ಮೊಹರು ಉಂಟೆಂದು ಗೊತ್ತಾಗಿದ್ದು ಆಗಲೇ.

ಈ ಮೂರೂ ಸೇರಿ ಕಟ್ಟಿದ ಬಳಗದ ಮುಖ್ಯಸ್ಥೆ ವಸುಮತಿ ಮೇಡಂ. ಚೆನ್ನೈಯವರು, ವಿದ್ಯುತ್ ವಿಷಯ ಪಾಠ ಹೇಳಿ ನಿವೃತ್ತರಾದ ಪ್ರೊಫೆಸರು. ಚಿತ್ರದುರ್ಗದಲ್ಲಿ ರೈತರ ಸಭೆಯೊಂದರಲ್ಲಿ ನನ್ನ ಮಾತು ಕೇಳಿದ್ದರು. ಕಂಬಂ ಕಣಿವೆಯಲ್ಲಿ ನೂರಾರು ವರ್ಷದ ಹಿಂದೆ ನೆಲೆ ನಿಂತ ಕನ್ನಡದ ಒಕ್ಕಲುಗಳಿವೆ, ತಮಿಳೂ ಬಲ್ಲರು, ಆದರೆ ಮನೆಯೊಳಗಿನ ಮಾತು ಕನ್ನಡ, ನೀವು ಬಂದರೆ ಮನೆಯೊಳಗಿನ ಮಾತೂ ನಮಗೆ ಕೇಳಿಸುತ್ತದೆ ಎಂದು ಫೋನು ಮಾಡಿದರು. ನಾಲ್ಕು ದಿನದ ಸಂಭಾವನೆ ಎಷ್ಟೆಂದು ಕೇಳಿದೆ, ಹೇಳಿದರು. ನಾನು ಅಭ್ಯಾಸಬಲದಿಂದ ಅದರ ಒಂದೂವರೆ ಪಟ್ಟು ಕೇಳಿದೆ. ಅವರು ಚೌಕಾಶಿಯನ್ನೇ ಮಾಡದೆ ಒಪ್ಪಿಕೊಂಡುಬಿಟ್ಟರು. ಎರಡು ಪಟ್ಟು ಕೇಳಬೇಕಿತ್ತು ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ದಿಂಡಿಗಲ್. ಸ್ಟೇಷನ್ನಿನ ಎದುರು ಜೀಪು ನಿಂತಿತ್ತು. ಮೇಡಂ ಮುಂದಿನ ಸೀಟಿನಲ್ಲಿ, ಬೆಳ್ಳಿ ಕೂದಲು, ಕಾಲಿಗೆ ಕ್ಯಾನ್ವಾಸ್ ಬೂಟು. ಸ್ಟಿಯರಿಂಗ್ ಹಿಡಿದವನು ಆಂಟನಿ, ದಿಂಡಿಗಲ್ಲಿನವನೇ, ಮೂವತ್ತೈದರ ಇಂಜಿನಿಯರು, ಬಳಗಕ್ಕೆ ನಕ್ಷೆ ಮಾಡುವವನು. ಉಪಗ್ರಹದ ಚಿತ್ರ ನೋಡಿ ಎಲ್ಲಿ ಕಲ್ಲು, ಎಲ್ಲಿ ಮುಳ್ಳು, ಎಲ್ಲಿ ಖಾಲಿ ನೆಲ ಎಂದು ಬಣ್ಣ ಬಣ್ಣದಲ್ಲಿ ತೋರಿಸುತ್ತಾನೆ. ಬೀಗಕ್ಕೆ ಹೆಸರಾದ ಊರು, ಒಂದು ತೆಗೆದುಕೊಳ್ಳಿ ಎಂದ. ಕೈಯಲ್ಲಿ ಹಿಡಿದರೆ ಸುತ್ತಿಗೆಯಷ್ಟು ತೂಕ. ಒಂದು ಕೊಂಡೆ, ಅಂಗಡಿಗೆ. ಓದುಗರೂ ಕೊಳ್ಳಿ, ಆದರೆ ಕೀಲಿ ಮೂರು ಸಲ ತಿರುಗಿಸಿ ನೋಡಿಯೇ ದುಡ್ಡು ಕೊಡಿ.

ದಾರಿಯಲ್ಲಿ ನಿಲಕ್ಕೋಟ್ಟೈ. ಹೂವಿನ ಮಾರುಕಟ್ಟೆಗೆ ಹೋಗುವವರು ಮೂಗಿನ ಜೊತೆ ಗಡಿಯಾರವನ್ನೂ ತೆಗೆದುಕೊಂಡು ಹೋಗಬೇಕು. ಬೆಳಗಿನ ಏಳಕ್ಕೆ ಮಲ್ಲಿಗೆಗೆ ಒಂದು ಬೆಲೆ, ಎಂಟೂವರೆಗೆ ಇನ್ನೊಂದು, ಹತ್ತಾದ ಮೇಲೆ ಕೇಳುವವರಿಲ್ಲ. ಅದನ್ನು ತಪ್ಪಿಸಲು ಅಲ್ಲಿನ ರೈತರ ಸಂಘವೊಂದು ಬಿಸಿಲಿನಿಂದ ನಡೆಯುವ ಒಂದು ತಂಪುಕೋಣೆ ಹಾಕಿಕೊಂಡಿದೆ. ಸಲಹೆ ಮೇಡಂ ಬಳಗದ್ದು. ಒಳಗೆ ಕಾಲಿಟ್ಟರೆ ಚಳಿ, ಪರಿಮಳ, ತಲೆಯ ಮೇಲೆ ಸಣ್ಣಗೆ ಗುಂಯ್‍ಗುಡುವ ಯಂತ್ರ. ಕಂಪ್ರೆಸರಿನ ಬೋಲ್ಟು ಸಡಿಲವಾಗಿದ್ದು ಕಿವಿಗೆ ಬಿತ್ತು, ಬಿಗಿ ಮಾಡಿದೆ, ಸ್ಟಿಕ್ಕರು ಅಂಟಿಸಿದೆ. ಮೇಡಂ ಕಂಡೂ ಕಾಣದಂತೆ ಇದ್ದರು.

ಪೆರಿಯಕುಳಂ ದಾಟುವಾಗ ಎರಡೂ ಕಡೆ ಮಾವಿನ ತೋಪು. ಕಾಯಿ ಮುಗಿದ ಮರಗಳು ಹೆರಿಗೆಯಾದ ಬಾಣಂತಿಯರ ಹಾಗೆ ಸುಮ್ಮನೆ ನಿಂತಿದ್ದವು. ತೇಣಿಯಲ್ಲಿ ಬಾಳೆಲೆ ಊಟ ಮಾಡಿ ಅಲ್ಲೇ ಉಳಿದೆವು. ಸಂಜೆ ಮೇಡಂ ನಕ್ಷೆ ಬಿಡಿಸಿ ಕೆಲಸ ವಿವರಿಸಿದರು. ಕಣಿವೆಯಲ್ಲಿ ಗಾಳಿಯಂತ್ರಗಳು ಈಗಾಗಲೇ ಇವೆ, ಅವುಗಳ ಕರೆಂಟು ಹೊರುವ ತಂತಿಯೂ ಇದೆ. ಗಾಳಿ ಬೀಸುವುದು ವರ್ಷದ ಕೆಲವು ತಿಂಗಳು. ಉಳಿದ ದಿನ ತಂತಿ ಖಾಲಿ. ಅದೇ ತಂತಿಗೆ ಪಕ್ಕದ ಖಾಲಿ ನೆಲದಲ್ಲಿ ಸೋಲಾರ್ ಹಲಗೆ ಜೋಡಿಸಿದರೆ ಹೊಸ ಕಂಬ ಬೇಡ, ಹೊಸ ಖರ್ಚು ಬೇಡ. ಒಂದೇ ಎತ್ತನ್ನು ಗಾಣಕ್ಕೂ ಗಾಡಿಗೂ ಕಟ್ಟಿದ ಹಾಗೆ. ನಾನು ತಲೆದೂಗಿದೆ. ಇಂಥ ಮಿತವ್ಯಯ ಕಂಡರೆ ನನಗೆ ದೇವರನ್ನು ಕಂಡಷ್ಟು ಸಂತೋಷ.

ಆ ನೆಲ ಕಂಬಂ ಊರಿನಾಚೆ ಬೆಟ್ಟದ ಬುಡದಲ್ಲಿ, ಸುಮಾರು ನೂರೆಂಬತ್ತು ಎಕರೆ. ದಾಖಲೆಯಲ್ಲಿ ಸರ್ಕಾರಿ ಖರಾಬು. ಹೋದ ವರ್ಷವೇ ಆಂಟನಿ ಅಳೆದು ಹಳದಿ ಬಣ್ಣ ಹಚ್ಚಿದ್ದ, ಖಾಲಿ ಎಂದು ಅದರ ಅರ್ಥ. ಗುರುವಾರ ದಿಂಡಿಗಲ್ಲಿನಲ್ಲಿ ಅಧಿಕಾರಿಗಳ ಸಭೆ. ಅಲ್ಲಿ ಪಟ್ಟಿಗೆ ಸೇರಿದ ನೆಲಕ್ಕೆ ಟೆಂಡರು, ಟೆಂಡರಾದ ಮೇಲೆ ಸುತ್ತ ಬೇಲಿ. ಅದಕ್ಕೆ ಮುಂಚೆ ಊರವರ ಬಾಯಿಂದ ಇನ್ನೊಮ್ಮೆ ಕೇಳಿಬಿಡೋಣ ಅನ್ನುವುದು ಮೇಡಂ ಹಠ. ನಾನು ಮನಸ್ಸಿನಲ್ಲೇ ಇನ್ನೊಂದು ಗುಣಾಕಾರ ಹಾಕಿದೆ. ಹಲಗೆ ತೊಳೆಯಲು ನೀರು ಬೇಕು, ನೀರೆತ್ತಲು ಪಂಪು ಬೇಕು.

ಮಂಗಳವಾರ ನಾನು ಜೀಪು ಬಿಟ್ಟು ಬಸ್ಸಿನಲ್ಲೇ ಹೊರಟೆ. ಊರು ಅರ್ಥವಾಗಬೇಕಾದರೆ ಟೌನ್ ಬಸ್ಸಿನಲ್ಲೇ ಹೋಗಬೇಕು. ತೇಣಿಯಿಂದ ಕಂಬಂ ನಲವತ್ತು ಕಿಲೋಮೀಟರ್ ಆಚೀಚೆ. ಹೋಗುವಾಗ ಬಲಗಡೆ ಕೂರಿ, ಕೇರಳದ ಕಡೆಯ ಬೆಟ್ಟ. ಬರುವಾಗಲೂ ಬಲಗಡೆಯೇ ಕೂರಿ, ಮೇಘಮಲೈ. ಟಿಕೆಟ್ಟಿನ ದುಡ್ಡು ಪೂರ್ತಿ ವಸೂಲಿ. ಉತ್ತಮಪಾಳಯಂ ಬರುವಷ್ಟರಲ್ಲಿ ಭತ್ತದ ಗದ್ದೆ, ಬಾಳೆ, ಅದರಾಚೆ ಚಪ್ಪರದ ದ್ರಾಕ್ಷಿ, ಎಲ್ಲಕ್ಕೂ ಮೇಲೆ ಗಾಳಿ. ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿಗೆ ರುಬ್ಬುಗುಂಡೂ ಹಾರುತ್ತದೆ ಅನ್ನುವುದು ಅಲ್ಲಿಯವರ ಗಾದೆ. ಬಾಳೆ ಎಲೆಗಳು ಸೀಳಿ ರಿಬ್ಬನ್ನಾಗಿದ್ದವು. ಪಂಚೆ ಉಡುವ ನನ್ನಂಥವರಿಗೆ ಒಂದು ಸಲಹೆ: ಈ ತಿಂಗಳಲ್ಲಿ ಈ ಕಣಿವೆಗೆ ಪ್ಯಾಂಟು ಹಾಕಿಕೊಂಡೇ ಬನ್ನಿ.

ಕಂಬಂ ಹತ್ತಿರ ಪನ್ನೀರ್ ಎಂಬ ಕಪ್ಪು ದ್ರಾಕ್ಷಿ ಮಾರುತ್ತಿದ್ದ ಹೆಂಗಸಿನ ಜೊತೆ ಕಾಲು ಗಂಟೆ ಚೌಕಾಶಿ ಮಾಡಿ ಗೆದ್ದೆ. ಗೆದ್ದವನ ಮುಖ ನೋಡಿ ಆಕೆ ಇನ್ನೊಂದು ಗೊಂಚಲು ಬಿಟ್ಟಿ ಹಾಕಿದಳು. ಅಂದರೆ ಆಕೆಗೆ ಇನ್ನೂ ಲಾಭವಿತ್ತು.

ಬಯಲಿಗೆ ಹತ್ತಿರದ ಕನ್ನಡ ಒಕ್ಕಲುಗಳ ಊರ ಮುಂದಿನ ಬೇವಿನ ಕಟ್ಟೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ನಾನು ಹಿರಿಯೂರು ಕಡೆಯವನು ಎಂದದ್ದೇ ತಡ, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನ್ನ ಕನ್ನಡ ಅವರಿಗೆ ಮೆರುಗು ಹಾಕಿದ ಪಾತ್ರೆಯಂತೆ ಕೇಳಿಸುತ್ತದಂತೆ. ಅವರದು ನನಗೆ ನಮ್ಮಜ್ಜಿಯ ಅಜ್ಜಿ ತಮಿಳು ಸೀಮೆಗೆ ಸೊಸೆಯಾಗಿ ಹೋಗಿ ಬಂದಂತೆ ಕೇಳಿಸಿತು. ಹಸುವಿಗೆ ಆವು ಅನ್ನುತ್ತಾರೆ. ನಮ್ಮಲ್ಲಿ ಅದು ಹಳಗನ್ನಡದ ಪಾಠದಲ್ಲಿ ಮಾತ್ರ ಉಳಿದ ಪದ. ಇಲ್ಲಿ ಅದು ಸಗಣಿ ಹಾಕುತ್ತದೆ, ಹಾಲು ಕೊಡುತ್ತದೆ. ಚಿಕ್ಕವರು ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು.

ಹಿರಿಯರು ಬೊಮ್ಮಣ್ಣ, ಎಪ್ಪತ್ತರ ಮೇಲಿರಬೇಕು, ತಲೆಗೆ ಕೆಂಪು ವಸ್ತ್ರ, ಕೈಯಲ್ಲಿ ಬಿದಿರು ಕೋಲು. ನಾನು ನೇರವಾಗಿ ವಿಷಯಕ್ಕೆ ಬಂದೆ. ಬೆಟ್ಟದ ಬುಡದ ಆ ಬಯಲು ಯಾರದು?

“ಯಾರ್ದೂ ಇಲ್ಲ,” ಎಂದರು ಬೊಮ್ಮಣ್ಣ.

ನಿಮ್ಮಲ್ಲಿ ಯಾರದಾದರೂ ಪಾಲು, ಉಳುಮೆ, ತಕರಾರು? ಕೂತವರೆಲ್ಲ ತಲೆಯಾಡಿಸಿದರು. ಯಾರದೂ ಇಲ್ಲ. ಅಷ್ಟು ಜನ ಅಷ್ಟು ಬೇಗ ಒಂದೇ ಮಾತು ಹೇಳಿದ್ದನ್ನು ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ನಮ್ಮ ಕಡೆ ಒಂದು ಗುಂಟೆ ಖರಾಬಿಗೆ ನಾಲ್ಕು ಜನ ವಾರಸುದಾರರು ಏಳುತ್ತಾರೆ. ಸಂಜೆ ಮೇಡಂಗೆ ವರದಿ ಒಪ್ಪಿಸಿದೆ, ಒಂದು ಗಂಟೆಯಲ್ಲಿ ಮುಗಿಸಿದೆ, ನೂರೆಂಬತ್ತು ಎಕರೆಗೆ ಒಬ್ಬ ವಾದಿಯೂ ಇಲ್ಲ ಎಂದು. ಆಂಟನಿ ಖುಷಿಯಾಗಿ ಚಹಾ ಕೊಡಿಸಿದ. ಮೇಡಂ ಮಾತ್ರ, ಅಷ್ಟು ಸಲೀಸಾ, ಎಂದು ಕೇಳಿದರು.

ಬುಧವಾರ ಬೆಳಿಗ್ಗೆ ಪಂಪು ಎಲ್ಲಿ ಕೂರಿಸಬಹುದೆಂದು ನೋಡಲು ಆಂಟನಿಯ ಜೊತೆ ಬಯಲಿಗೆ ಹೋದೆ. ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಅವುಗಳ ರೆಕ್ಕೆಯ ನೆರಳು ಹುಲ್ಲಿನ ಮೇಲೆ ಸರಿದು ಹೋಗುತ್ತಿತ್ತು. ಒಂದು ದನವಿಲ್ಲ, ಒಂದು ಗುಡಿಸಲಿಲ್ಲ. ನಡುವೆ ಒಂದು ಹಳೇ ಕೈಪಂಪು, ಅದರ ಪಕ್ಕ ಉದ್ದನೆಯ ಕಲ್ಲಿನ ತೊಟ್ಟಿ. ಕೈಪಂಪು ಒತ್ತಿದೆ, ಗಾಳಿ ಎಳೆಯಿತು. ಒಳಗಿನ ಚರ್ಮದ ವಾಷರು ಸವೆದಿದೆ ಎಂದುಕೊಂಡು, ಕೈ ತೊಳೆಯಲು ತೊಟ್ಟಿಗೆ ಬಗ್ಗಿದೆ.

ತೊಟ್ಟಿಯಲ್ಲಿ ಪಾಚಿ ಇರಲಿಲ್ಲ.

ಸೆಕೆಂಡ್ ಹ್ಯಾಂಡ್ ಮಾಲು ಕೊಳ್ಳುವವನು ಮೊದಲು ನೋಡುವುದು ತಳ. ಮೇಲಿನ ಬಣ್ಣ ಸುಳ್ಳು ಹೇಳುತ್ತದೆ, ತಳ ಹೇಳುವುದಿಲ್ಲ. ಬೆರಳು ಹಾಕಿ ಮೂಲೆಗಳನ್ನು ಸವರಿದೆ. ನುಣುಪು. ಉಜ್ಜಿ ತೊಳೆದು, ನಾಲ್ಕು ಬೊಗಸೆ ನೀರು ಬಿಟ್ಟ ತೊಟ್ಟಿ. ಅಂಚಿನಲ್ಲಿ ಒಂದು ಉಪ್ಪಿನ ಹೆಂಟೆ, ಮೇಲೆ ಹರಿದ ಗೋಣಿ ಮುಚ್ಚಿದೆ. ಆಂಟನಿಗೆ ತೋರಿಸಿ ಕೇಳಿದೆ, ಯಾರದ್ದೂ ಅಲ್ಲದ ತೊಟ್ಟಿಯನ್ನು ಯಾರಪ್ಪಾ ತೊಳೆಯುತ್ತಾರೆ?

ಉತ್ತರ ಅರ್ಧ ಗಂಟೆಯಲ್ಲಿ ಸಿಕ್ಕಿತು. ಒಬ್ಬ ಹೆಂಗಸು ತಲೆಯ ಮೇಲೆ ಸೌದೆಯ ಹೊರೆ ಹೊತ್ತು ಬೆಟ್ಟದ ಕಡೆಯಿಂದ ಇಳಿದು ಬಂದರು. ಕೆಂಚಮ್ಮ, ಬೊಮ್ಮಣ್ಣನ ತಂಗಿ, ಅರವತ್ತರ ಆಸುಪಾಸು. ತೊಟ್ಟಿ ತೊಳೆಯುವವರು ಆಕೆಯೇ. ಪ್ರತಿ ಶುಕ್ರವಾರ, ಆಕೆಯ ಮಾತಿನಲ್ಲಿ ವೆಳ್ಳಿ, ಪಂಪು ಕೆಟ್ಟ ಮೇಲೆ ಮನೆಯಿಂದ ಕೊಡದಲ್ಲಿ ನೀರು ಹೊತ್ತು ತಂದು. ಆಕೆಗೆ ಮುಂಚೆ ಆಕೆಯ ಸೋದರತ್ತೆ. ಯಾರಿಗಾಗಿ ಎಂದೆ.

“ದೇವರಾವುಗೆ ತಂಬಿ. ಬೇರೆ ಯಾರ್ಗೆ?”

ದೇವರ ಹಸುಗಳು. ಈ ಒಕ್ಕಲುಗಳು ಬಂದಾಗ ಜೊತೆಯಲ್ಲಿ ಬಂದ ದನಗಳ ಸಂತತಿ, ದೇವರಿಗೆ ಬಿಟ್ಟದ್ದು. ಮಾರುವಂತಿಲ್ಲ, ಹಾಲು ಕರೆದು ಮಾರುವಂತಿಲ್ಲ, ನೊಗ ಹೂಡುವಂತಿಲ್ಲ. ನೂರಕ್ಕೂ ಮೇಲಿನ ಹಿಂಡು, ಅದಕ್ಕೊಂದು ಪಟ್ಟದ ಹೋರಿ. ಮಳೆಗಾಳಿ ಶುರುವಾದರೆ ಹಿಂಡು ಬೆಟ್ಟದ ಇಳುಕಲಿಗೆ ಮೇಯಲು ಹೋಗುತ್ತದೆ. ದೀಪಾವಳಿ ಕಳೆದು ಇಳಿದರೆ ಬೇಸಿಗೆ ಮುಗಿಯುವವರೆಗೆ ಈ ಬಯಲೇ ಅದರ ಮನೆ. ಇದೊಂದೇ ನೀರು. ಆಂಟನಿ ಹೋದ ವರ್ಷ ಬಂದದ್ದೂ ಆಡಿಯಲ್ಲಿ, ಹಿಂಡು ಮೇಲಿದ್ದಾಗ.

ನಾಚಿಕೆ ಆಗಬೇಕಿದ್ದು ಆಂಟನಿಗಲ್ಲ, ನನಗೆ. ನಮ್ಮ ಚಳ್ಳಕೆರೆ ಸೀಮೆಯಲ್ಲೂ ದೇವರ ಎತ್ತುಗಳಿವೆ, ಅವುಗಳನ್ನು ಮೇಯಿಸುವ ಕಿಲಾರಿಗಳು ನನ್ನ ಗಿರಾಕಿಗಳು. ಬಯಲು ಕಂಡಾಗ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಪಂಪು.

ಈಗ ದನ ಇಲ್ಲವಲ್ಲಕ್ಕಾ, ಆದರೂ ಯಾಕೆ ತೊಳೀತೀರಿ ಎಂದು ಕೇಳಿದೆ. ಕೆಂಚಮ್ಮ ನನ್ನನ್ನು ಪೆದ್ದನನ್ನು ನೋಡಿದಂತೆ ನೋಡಿದರು. “ಮನೇವ್ರು ಊರ್ಗೋದ್ರೆ ನಿಂ ಮನೇಲಿ ಕಸ ಗುಡ್ಸಲ್ವಾ?”

ಆಂಟನಿ ಜೀಪು ತೆಗೆದುಕೊಂಡು ಹೋಗಿ ಮೇಡಂರನ್ನೂ ಬೊಮ್ಮಣ್ಣನವರನ್ನೂ ಕರೆತಂದ. ಜೊತೆಗೆ ಊರವರು ಕೆಲವರು. ನಾನು ತೊಟ್ಟಿಯ ಕಟ್ಟೆಯ ಮೇಲೆ ನಿಂತು ವಿಷಯ ಬಿಡಿಸಿ ಹೇಳಿದೆ. ನಾಳೆ ಸಭೆ. ನೀವು ಯಾರದೂ ಇಲ್ಲ ಎಂದದ್ದನ್ನು ಕಾಗದದಲ್ಲಿ ಖಾಲಿ ಎಂದು ಬರೆದುಕೊಂಡಿದ್ದಾರೆ. ಪಟ್ಟಿಗೆ ಸೇರಿದರೆ ಸುತ್ತ ತಂತಿ ಬೇಲಿ. ದೀಪಾವಳಿ ಕಳೆದು ಹಿಂಡು ಇಳಿದು ಬಂದಾಗ ನೀರು ಬೇಲಿಯೊಳಗೆ, ದನ ಬೇಲಿಯಾಚೆ. ಎಲ್ಲರ ಮುಖವೂ ಇಳಿಯಿತು. ಕೆಂಚಮ್ಮ ತೊಟ್ಟಿಯ ಅಂಚು ಹಿಡಿದುಕೊಂಡು ಕೂತುಬಿಟ್ಟರು.

ಆಮೇಲೆ ನನಗೆ ತಿಳಿದ ಸಲಹೆ ಕೊಟ್ಟೆ. ಇದಕ್ಕೆ ಔಷಧಿ ಸುಲಭ, ನಮ್ಮದು ಎಂದು ಒಂದು ಮಾತು ಬರೆದು ಹತ್ತು ಜನ ಸಹಿ ಹಾಕಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಕಾಗದ, ಪೆನ್ನು ಬೊಮ್ಮಣ್ಣನವರ ಮುಂದೆ ಹಿಡಿದೆ. ಅವರು ಪೆನ್ನು ಮುಟ್ಟಲಿಲ್ಲ.

“ನಮ್ದೂಂತ ಒಂದ್ ದಪಾ ಅಂದ್ರೆ, ನಾಳೆ ನನ್ ಮಗ ಪಂಗು ಕೇಳ್ತಾನೆ ತಂಬಿ. ಅವ್ನ್ ಮಗ ವಿಕ್ತಾನೆ. ಯಾರ್ದೂ ಇಲ್ಲಾಂತ ಇದ್ದದ್ಕೇ ಇಷ್ಟ್ ಕಾಲ ಉಳ್ದದೆ. ನಿಂಗೇನ್ ಗೊತ್ತು, ಯಾರ್ದೂ ಇಲ್ದೇ ಇರೋದ್ನ ಯಾರ್ ಕೊಡೋಕಾಗ್ತದೆ?”

ಪಂಗು ಎಂದರೆ ಪಾಲು, ವಿಕ್ಕುವುದೆಂದರೆ ಮಾರುವುದು. ನಾನು ಕಾಗದ ಮಡಚಿ ಜೇಬಿಗಿಟ್ಟೆ. ಇಪ್ಪತ್ತೆಂಟು ವರ್ಷ ಎಷ್ಟೋ ಬಗೆಯ ಗಿರಾಕಿಗಳನ್ನು ಒಲಿಸಿದ್ದೇನೆ. ತನ್ನದು ಎಂದು ಹೇಳಲು ಒಪ್ಪದವನನ್ನು ಒಲಿಸುವ ವಿದ್ಯೆ ನನ್ನಲ್ಲಿರಲಿಲ್ಲ. ದೇವರದ್ದನ್ನು ನಮ್ಮದು ಅನ್ನಬಾರದು ಎಂಬ ಕಟ್ಟಳೆ ಅವರಿಗೆ ಬೇಲಿಗಿಂತ ಗಟ್ಟಿ. ಸರ್ಕಾರದ ಕಾಗದಕ್ಕೆ ಅದೇ ಮಾತು ತೆರೆದ ಬಾಗಿಲು.

ಇಲ್ಲಿಂದ ಮುಂದೆ ನಡೆದದ್ದಕ್ಕಾಗಿಯೇ ನಾನು ಇದನ್ನು ಬರೆಯುತ್ತಿರುವುದು. ತಜ್ಞರೆಂದರೆ ತಮ್ಮ ಲೆಕ್ಕ ಬಿಡದವರು ಎಂದು ತಿಳಿದಿದ್ದೆ. ಆಂಟನಿ ತಲೆ ತಗ್ಗಿಸಿ, ನನ್ನ ನಕ್ಷೆ ತಪ್ಪಾಯಿತು ಎಂದ. ಮೇಡಂ ತಮಿಳಿನಲ್ಲಿ ಹೇಳಿದ್ದು ನನಗೆ ಅರ್ಥವಾಯಿತು. ನಕ್ಷೆ ಸರಿಯಾಗಿದೆ, ಆ ದಿನ ಇಲ್ಲಿ ಏನೂ ಇರಲಿಲ್ಲ. ತಪ್ಪಿದ್ದು ಪ್ರಶ್ನೆ. ಸಮೀಕ್ಷೆಯ ನಮೂನೆ ತಯಾರಿಸಿದ್ದು ನಾನೇ. ಯಾರದು ಎಂದು ಬಿಟ್ಟರೆ ಬೇರೇನೂ ಕೇಳಲು ಅದರಲ್ಲಿ ಜಾಗವೇ ಇಟ್ಟಿರಲಿಲ್ಲ, ಎಂದರು.

ಆಮೇಲೆ ಬೂಟು ಬಿಚ್ಚಿಟ್ಟು ಕೆಂಚಮ್ಮನ ಪಕ್ಕ ನೆಲದ ಮೇಲೆ ಕೂತರು. ಈ ತೊಟ್ಟಿಯಲ್ಲಿ ಯಾರು ಯಾರು ನೀರು ಕುಡಿಯುತ್ತಾರೆ, ಒಬ್ಬೊಬ್ಬರಾಗಿ ಹೇಳಮ್ಮಾ, ಎಂದರು.

ಕೆಂಚಮ್ಮ ಮೊದಲು ಅಣ್ಣನ ಮುಖ ನೋಡಿದರು. ಬೊಮ್ಮಣ್ಣ ಕೋಲು ಕೆಳಗಿಟ್ಟರು. ಇದಕ್ಕೆ ಕಟ್ಟಳೆಯ ಅಡ್ಡಿ ಇರಲಿಲ್ಲ.

“ಮುಂದೆ ಬರೋಳು ಮುತ್ತಾವು. ಅವ್ಳ್ ಮಗ್ಳು ಕರಿಯಾವು. ಕರಿಯಾವುಗೆ ಇಬ್ರು, ಮಲ್ಲಿಗೆ, ಚುಕ್ಕಿ. ಚುಕ್ಕಿ ಮೆಲ್ಗೆ ಕುಡೀತಾಳೆ, ಅವ್ಳ್ನ ತಳ್ಬಾರ್ದು. ಆಮೇಲ್ ಕೊಂಬುಮುರುಕಿ...”

ಎರಡು ಗಂಟೆ ಹಿಡಿಯಿತು. ತಾಯಿ, ಮಗಳು, ಮೊಮ್ಮಗಳು, ಯಾರು ಯಾವ ಬರದಲ್ಲಿ ಹುಟ್ಟಿದವಳು, ಯಾರು ಬಲಗಡೆಯಿಂದ ಬಗ್ಗುತ್ತಾಳೆ, ಯಾರು ಹೋರಿ ಕುಡಿದ ಮೇಲೆಯೇ ಕುಡಿಯುತ್ತಾಳೆ. ನಾನು ಕನ್ನಡದಿಂದ ತಮಿಳಿಗೆ ದಾಟಿಸಿದೆ, ನನ್ನ ತಮಿಳು ಕುಂಟಿದಲ್ಲೆಲ್ಲ ಊರವರು ಊರುಗೋಲು ಕೊಟ್ಟರು. ಆಂಟನಿ ಕಂಪ್ಯೂಟರು ತೊಡೆಯ ಮೇಲಿಟ್ಟುಕೊಂಡು ಬರೆದ. ನಮೂನೆಯ ಅಂಕಣ ಸಾಲಲಿಲ್ಲ. ಮೇಡಂ ಹೊಸ ಅಂಕಣ ಹಾಕಿಸಿದರು. ಒಡೆಯರು ಅನ್ನುವುದರ ಪಕ್ಕ, ಬಳಸುವವರು. ಅದರ ಪಕ್ಕ, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಅವರಿಗೆ ವಯಸ್ಸು ಅರವತ್ತೆಂಟು, ಕಾಲು ನೋವು ಬೇರೆ. ಏಳುವಾಗ ಕೆಂಚಮ್ಮ ಕೈ ಹಿಡಿದು ಎತ್ತಬೇಕಾಯಿತು.

ಅಷ್ಟರಲ್ಲಿ ನಾನು ಕೈಪಂಪು ಬಿಚ್ಚಿ, ಹಳೇ ಚಪ್ಪಲಿಯ ಚರ್ಮ ಕತ್ತರಿಸಿ ವಾಷರು ಮಾಡಿ ಹಾಕಿದ್ದೆ. ನಾಲ್ಕನೆಯ ಒತ್ತಿಗೆ ನೀರು ಬಂತು. ಜೇಬಿನಿಂದ ಸ್ಟಿಕ್ಕರು ತೆಗೆದೆ. ಬೊಮ್ಮಣ್ಣ ನೋಡುತ್ತಿದ್ದರು. ಸ್ಟಿಕ್ಕರನ್ನು ವಾಪಸು ಜೇಬಿಗೆ ಹಾಕಿಕೊಂಡೆ.

ಮಧ್ಯಾಹ್ನವೆಲ್ಲ ಮೇಡಂ, ಆಂಟನಿ ಇಬ್ಬರೂ ಹೊಸ ಲೆಕ್ಕಕ್ಕೆ ಕೂತರು. ಈ ನೆಲ ಕೈಬಿಟ್ಟರೆ ಅಷ್ಟು ಕರೆಂಟು ಎಲ್ಲಿಂದ? ದೇಶ ಕೊಟ್ಟ ಮಾತೂ ಸುಳ್ಳಾಗಬಾರದಲ್ಲ. ಹಳೆಯ ಸಣ್ಣ ಗಾಳಿಯಂತ್ರಗಳನ್ನು ಇಳಿಸಿ ಅವುಗಳ ಜಾಗದಲ್ಲೇ ದೊಡ್ಡವನ್ನು ನಿಲ್ಲಿಸುವುದು, ತೇಣಿಯಿಂದ ದಿಂಡಿಗಲ್ಲಿನವರೆಗಿನ ನೂಲಿನ ಗಿರಣಿಗಳ ಚಾವಣಿ ಬಳಸುವುದು, ಹೀಗೆ ಕೂಡುತ್ತಾ ಹೋದರು. ಚಾವಣಿಗೆ ಹಲಗೆ ಕೂರಿಸುವಾಗ ಶೀಟಿನ ತುಕ್ಕು ಮೊದಲು ನೋಡಿ ಎಂದು ನಾನು ಹೇಳಿದ್ದನ್ನು ಮೇಡಂ ಬರೆದುಕೊಂಡರು. ನನ್ನ ಸಲಹೆಯನ್ನು ಪ್ರೊಫೆಸರೊಬ್ಬರು ಬರೆದುಕೊಂಡದ್ದು ಅದೇ ಮೊದಲು. ಲೆಕ್ಕ ಪೂರ್ತಿ ಕೂಡಲಿಲ್ಲ, ಒಂದಿಷ್ಟು ಕೊರತೆ ಉಳಿಯಿತು. ಅದನ್ನೂ ಹಾಗೆಯೇ ತೋರಿಸುತ್ತೇನೆ ಎಂದರು.

ಗುರುವಾರ ಬೆಳಗಿನ ಜಾವವೇ ಹೊರಟು ಹತ್ತಕ್ಕೆ ದಿಂಡಿಗಲ್ ತಲುಪಿದೆವು. ಸಭಾಂಗಣದಲ್ಲಿ ಇಪ್ಪತ್ತೈದು ಕುರ್ಚಿ, ಅಷ್ಟೇ ನೀರಿನ ಬಾಟಲಿ. ಮೇಜಿನ ತಲೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು, ಕನ್ನಡಕ ಮೂಗಿನ ತುದಿಯಲ್ಲಿ. ನಮ್ಮ ಸರದಿ ಬಂದಾಗ ಮೇಡಂ ಎದ್ದು ನಿಂತು ಮೊದಲ ವಾಕ್ಯದಲ್ಲೇ, ಹೋದ ವರ್ಷ ನಾವು ಕೊಟ್ಟ ಸಲಹೆ ತಪ್ಪು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ ಎಂದರು. ಮಾಲಿನ ದೋಷವನ್ನು ಮಾರುವವನೇ ಮೊದಲು ಹೇಳುವುದುಂಟೇ? ಆದರೆ ಒಂದು ನೋಡಿದೆ. ಹಾಗೆ ಹೇಳಿದ ಮೇಲೆ ಅವರು ಹೇಳಿದ ಉಳಿದ ಯಾವ ಅಂಕಿಯನ್ನೂ ಆ ಕೋಣೆಯಲ್ಲಿ ಯಾರೂ ಅನುಮಾನಿಸಲಿಲ್ಲ. ವ್ಯಾಪಾರದಲ್ಲಿರುವ ಓದುಗರು ಇದನ್ನು ಗಮನಿಸಬೇಕು. ನನಗೆ ಗೊತ್ತಾಗುವಾಗ ವಯಸ್ಸು ಐವತ್ನಾಲ್ಕಾಗಿತ್ತು.

ಅಧಿಕಾರಿ ಹೊಸ ನಮೂನೆ ಕೈಗೆ ತೆಗೆದುಕೊಂಡು ಗಟ್ಟಿಯಾಗಿ ಓದಿದರು. ಒಡೆಯರು, ಯಾರೂ ಇಲ್ಲ. ಬಳಸುವವರು, ಮುತ್ತಾವು, ಕರಿಯಾವು, ಮಲ್ಲಿಗೆ, ಚುಕ್ಕಿ. ಕೋಣೆಯಲ್ಲಿ ಸಣ್ಣ ನಗು ಎದ್ದಿತು. ಅವರು ನಿಲ್ಲಿಸಲಿಲ್ಲ. ತಮಿಳು ನಾಲಿಗೆಯಲ್ಲಿ ಒಂದೊಂದೇ ಹೆಸರು ಓದುತ್ತಾ ಹೋದರು, ಮೂರನೆಯ ಹಾಳೆಯ ಹೊತ್ತಿಗೆ ನಗು ತಾನೇ ಅಡಗಿತು. ಓದಿ ಮುಗಿಸಿ ಕನ್ನಡಕ ತೆಗೆದರು.

“ಈ ಕೊಂಬುಮುರುಕಿ ಇನ್ನೂ ಇದೆಯಾ?” ಎಂದು ನನ್ನನ್ನು ತಮಿಳಿನಲ್ಲಿ ಕೇಳಿದರು.

ಇದೆ ಸಾರ್, ಈಗ ಬೆಟ್ಟದ ಮೇಲಿದೆ, ಎಂದೆ.

ಸ್ವಲ್ಪ ಹೊತ್ತು ಚರ್ಚೆಯಾಯಿತು. ಆ ಬಯಲನ್ನು ಪಟ್ಟಿಯಿಂದ ತೆಗೆಯುವುದೆಂದು, ಹಿಂಡು ಕೆಳಗಿರುವ ತೈ ಮಾಸದಲ್ಲಿ, ಅಂದರೆ ಸಂಕ್ರಾಂತಿಯ ಹೊತ್ತಿಗೆ, ಬಳಗ ಇನ್ನೊಮ್ಮೆ ಹೋಗಿ ದನದ ದಾರಿ, ನೀರು ಗುರುತು ಹಾಕುವುದೆಂದು, ಇನ್ನು ಮುಂದೆ ಎಲ್ಲ ಜಿಲ್ಲೆಗಳ ನಮೂನೆಯಲ್ಲೂ ಹೊಸ ಅಂಕಣ ಇರಬೇಕೆಂದು ತೀರ್ಮಾನವಾಯಿತು. ಕೊನೆಗೆ ಅಧಿಕಾರಿ ಉದಾರವಾಗಿ, ಮುಂದೆ ತೊಂದರೆಯಾಗದ ಹಾಗೆ ಆ ಜಾಗವನ್ನು ಒಂದು ಸಮಿತಿಯ ಹೆಸರಿಗೆ ಬರೆದುಬಿಡೋಣವೇ ಎಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು, ಊರವರ ಮಾತು ಬಲ್ಲವನು ನಾನೇ ಎಂದು. ಕೊಡುತ್ತೇನೆ ಎಂದವರ ಮುಂದೆ ನಾನು ಒಂದು ದಿನವೂ ಬೇಡ ಎಂದವನಲ್ಲ.

ಬೇಡ ಸಾರ್, ಯಾರ ಹೆಸರೂ ಬೇಡ, ಎಂದೆ.

ಮಧ್ಯಾಹ್ನ ಜೀರಿಗೆ ಸಾಂಬಾ ಅಕ್ಕಿಯ ಬಿರಿಯಾನಿ. ದಿಂಡಿಗಲ್ಲಿಗೆ ಬಂದು ಅದನ್ನು ಉಣ್ಣದೆ ಹೋಗುವವರಿಗೆ ನನ್ನ ಯಾವ ಸಲಹೆಯೂ ದಕ್ಕುವುದಿಲ್ಲ. ಮೇಡಂ ಸಸ್ಯಾಹಾರಿ, ಮೊಸರನ್ನ ತಿಂದರು. ಸಂಭಾವನೆಯ ಲಕೋಟೆ ಕೊಟ್ಟು, ತೈ ಮಾಸದಲ್ಲಿ ಬರುತ್ತೀರಾ ಎಂದು ಕೇಳಿದರು. ಎಷ್ಟು ಎಂದು ನಾನು ಕೇಳಲಿಲ್ಲ. ಆಂಟನಿ ಸ್ಟೇಷನ್ನಿನವರೆಗೂ ಬಂದು ಕೈ ಕುಲುಕಿದ.

ರೈಲು ಕರೂರು ಕಡೆ ಹೊರಳಿದ ಮೇಲೆ ಕೆಂಚಮ್ಮನಿಗೆ ಫೋನು ಮಾಡಿದೆ. ಆ ಕಡೆ ಗಾಳಿಯ ಸದ್ದು, ಹಿಂದೆ ಯಾರೋ ತಮಿಳಿನಲ್ಲಿ ಕೋಳಿ ಓಡಿಸುವ ಸದ್ದು. ಬೇಲಿ ಬರುವುದಿಲ್ಲ ಎಂದೆ.

“ಯಾರ್ ಪೇರ್ಗೆ ಬರ್ದ್ರು ತಂಬಿ?”

“ಯಾರ ಹೆಸರಿಗೂ ಇಲ್ಲಕ್ಕಾ. ಮುಂಚೆ ಹೆಂಗಿತ್ತೋ ಹಂಗೇ.”

“ಸರಿ,” ಎಂದರು. ನಾನು ಇನ್ನೇನಾದರೂ ಹೇಳುತ್ತಾರೆಂದು ಕಾದೆ. “ಫೋನ್ ವೈಕ್ತೀನಿ ತಂಬಿ. ನಾಳೆ ವೆಳ್ಳಿ. ತೊಟ್ಟಿ ತೊಳೀಬೇಕು.”